ಗಿರಿಜಕ್ಕನ ಅಡಿಪಟ್ಟಿ

ಗಿರಿಜಕ್ಕನ ಬ್ಯಾಗಿನಲ್ಲಿ ಎಲೆಅಡಿಕೆಯ ಪೊಟ್ಟಣ, ಬಸ್ ಪಾಸು, ನೀರಿನ ಬಾಟಲಿಯ ಜೊತೆಗೆ ಸ್ಟೀಲಿನ ಒಂದು ಅಡಿಪಟ್ಟಿ ಇರುತ್ತಿತ್ತು. ಅದನ್ನು ಅವಳು ಕಂಡವರ ಮನೆಯ ಅಕ್ಕಿ ಡಬ್ಬಿಗೆ ಇಳಿಬಿಡುತ್ತಿದ್ದಳು.

ಅವಳ ಕೆಲಸವೇ ಅದು. ದುರ್ಗಿಗುಡಿ ಬಡಾವಣೆಯ ಒಂದು ಮಹಡಿಯ ಮೇಲೆ ನಮ್ಮ ಸಣ್ಣ ಸಂಶೋಧನಾ ಕಚೇರಿ. ಬಡತನ ಅಳೆಯುವ ಹೊಸ ವಿಧಾನವೊಂದನ್ನು ಅಲ್ಲಿ ಪ್ರಯೋಗಿಸುತ್ತಿದ್ದೆವು. ಆದಾಯ ಎಷ್ಟೆಂದು ಕೇಳಿದರೆ ಜನ ಬಾಯಿಗೆ ಬಂದದ್ದು ಹೇಳುತ್ತಾರೆ. ಅದರ ಬದಲು ಮುಂಚೆ ತಿಳಿಸದೆ ಮನೆಗೆ ಹೋಗಿ, ಡಬ್ಬಿಯಲ್ಲಿ ಅಕ್ಕಿ ಎಷ್ಟಿದೆ, ಯಾರು ಯಾವ ಹೊತ್ತಿನ ಊಟ ಬಿಡುತ್ತಾರೆ ಎಂದು ಬರೆದುಕೊಳ್ಳುವುದು. ಗಿರಿಜಕ್ಕ ಭದ್ರಾವತಿಯಿಂದ ದಿನಾ ಬರುತ್ತಿದ್ದ ಸರ್ವೆಯವಳು. ನಾನು ಅವಳ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವವನು.

“ಬಾಯಿ ಸುಳ್ಳು ಹೇಳುತ್ತೆ ಮಾರಾಯ, ಡಬ್ಬಿ ಹೇಳಲ್ಲ” ಅನ್ನುತ್ತಿದ್ದಳು. ಅವಳ ನಾಲಿಗೆಗೆ ಕರುಣೆ ಎಂಬುದೇ ಇರಲಿಲ್ಲ. ಜೊತೆಯ ಸರ್ವೆ ಹುಡುಗಿ ಲತಾ ಒಮ್ಮೆ ಗಾಂಧಿ ಬಜಾರಿನ ಹೋಟೆಲಿನಲ್ಲಿ ಕೂತೇ ಐದಾರು ಫಾರಂ ತುಂಬಿ ತಂದಳು. “ಕಾಫಿ ಲೋಟ ಅಳೆದು ಬಂದ್ಯಾ ಮಾರಾಯ್ತಿ?” ಎಂದು ಗಿರಿಜಕ್ಕ ಅವನ್ನು ಎಲ್ಲರೆದುರು ಹರಿದು ಹಾಕಿದಳು. ಮಧ್ಯಾಹ್ನ ನಾವು ಬುತ್ತಿ ಬಿಚ್ಚಿದರೆ ಮಾತ್ರ ಎದ್ದು ಕಿಟಕಿಯ ಬಳಿ ಹೋಗುತ್ತಿದ್ದಳು. “ನಂದು ಮನೇಲೇ ಆಯ್ತು.” ನಾವು ನಂಬಿದ್ದೆವು.

ಒಮ್ಮೆ ಅಳತೆ ಕಲಿಯಲು ಅವಳ ಜೊತೆ ರಾಗಿಗುಡ್ಡಕ್ಕೆ ಹೋಗಿದ್ದೆ. ಒಂದು ಮನೆಯಲ್ಲಿ ಅಂದು ಹೆಣ್ಣು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮನೆಯಾಕೆ ಹೆಮ್ಮೆಯಿಂದ ಡಬ್ಬಿ ತೆರೆದಳು, ಕಂಠಮಟ್ಟ ಅಕ್ಕಿ. ಗಿರಿಜಕ್ಕ ಪಟ್ಟಿ ಇಳಿಸಿದಳು. ಎರಡೇ ಇಂಚಿಗೆ ಟಣ್ ಎಂದಿತು. ಒಳಗೆ ಪಾತ್ರೆ ಬೋರಲು ಹಾಕಿ ಮೇಲೆ ಅಕ್ಕಿ ಹರಡಿದ್ದರು. “ಪಾತ್ರೇನೂ ಬೇಯಿಸ್ತೀರೇನಮ್ಮಾ?” ಎಂದು ನಕ್ಕಳು. ಬಾಗಿಲಲ್ಲಿ ನಿಂತಿದ್ದ ನೆರೆಯವರೂ ನಕ್ಕರು. ಆ ಹೆಂಗಸು ಮುಖ ಮುಚ್ಚಿಕೊಂಡಳು.

“ಪಾಪ, ಬಿಟ್ಟುಬಿಡಬಹುದಿತ್ತು ಅಕ್ಕ” ಎಂದೆ ದಾರಿಯಲ್ಲಿ.

“ಪಾಪ ಅನ್ನೋ ಕಾಲಂ ಫಾರಂನಲ್ಲಿ ಇದ್ಯಾ? ಎರಡಿಂಚು ಅಂದ್ರೆ ಎರಡಿಂಚು.”

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಸೇರಿದವರು ಮೊದಲ ಫಾರಂ ಅನ್ನು ತಮ್ಮ ಮನೆಯದೇ ತುಂಬಿ ಕೈ ಪಳಗಿಸಿಕೊಳ್ಳಬೇಕು, ಆಮೇಲೆ ಅದನ್ನು ಎಸೆಯಬೇಕು. ಉಳಿದವರೆಲ್ಲ ಅದರಲ್ಲಿ ಅಷ್ಟಿಷ್ಟು ಸುಳ್ಳು ಬರೆದಿದ್ದರು. ಗಿರಿಜಕ್ಕ ಮಾತ್ರ ಒಂದಿಂಚೂ ಹೆಚ್ಚು ಬರೆದಿರಲಿಲ್ಲ.

ಕೆಲಸ ಮುಗಿದ ಮೇಲೆ ಎಲ್ಲ ಮಾಹಿತಿಯನ್ನೂ ಒಂದು ಜಾಲತಾಣಕ್ಕೆ ಸಲ್ಲಿಸಬೇಕಿತ್ತು. ಬೇರೆ ಬೇರೆ ಕಡೆಯ ಸಂಶೋಧಕರು ತಮ್ಮ ಲೆಕ್ಕಗಳನ್ನು ಹಂಚಿಕೊಳ್ಳುವ ಜಾಗ ಅದು. ಯಾರು ಬೇಕಾದರೂ ತೆರೆದು ನೋಡಬಹುದು. ಕೊನೆಯ ದಿನ ಎಣಿಸಿದರೆ ಒಂದು ಮನೆ ಕಡಿಮೆ. ಎಸೆಯದೆ ಉಳಿದಿದ್ದ ಗಿರಿಜಕ್ಕನ ಫಾರಂ ಮೇಜಿನ ಖಾನೆಯಲ್ಲಿತ್ತು. ಹೆಸರು, ವಿಳಾಸ ಅಳಿಸಿದೆ, ಏರಿಸಿದೆ. ಕೊನೆಯಲ್ಲಿ ಅವಳು ಬರೆದಿದ್ದ ಷರಾ ಓದಲಿಲ್ಲ. ಮರೆವು ಎಂದು ಹೇಳಿಕೊಳ್ಳಲಾರೆ, ಅದು ಸೋಮಾರಿತನ.

ತಿಂಗಳಾದ ಮೇಲೆ ಕಚೇರಿಯಲ್ಲಿ ಒಂದು ಸಭೆ. ಹೊರಗಿನಿಂದ ಬಂದ ವಿದ್ವಾಂಸರೊಬ್ಬರು, “ಎಲ್ಲಕ್ಕಿಂತ ಕೆಳಗಿನ ಮನೆ ನೋಡಿ” ಎಂದು ಜಾಲತಾಣದಿಂದ ಆ ಮನೆಯ ಷರಾವನ್ನು ಪರದೆಗೆ ಹಾಕಿ ಗಟ್ಟಿಯಾಗಿ ಓದಿದರು. ‘ಭದ್ರಾವತಿ. ಗಂಡ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದರು, ತೀರಿಕೊಂಡಿದ್ದಾರೆ. ಮನೆಯಾಕೆ ಸರ್ವೆ ಕೆಲಸ ಮಾಡುತ್ತಾರೆ. ಮಗಳಿಗೆ ಬುತ್ತಿ ಕಟ್ಟಿ ತಾವು ಮಧ್ಯಾಹ್ನ ಉಣ್ಣುವುದಿಲ್ಲ.’

ಸಭೆಯ ಕತ್ತುಗಳೆಲ್ಲ ಒಂದೇ ಕಡೆ ತಿರುಗಿದವು. “ಅಯ್ಯೋ, ನಮ್ಮ ಗಿರಿಜಕ್ಕ!” ಎಂದು ಲತಾ ಕಿಸಕ್ಕನೆ ನಕ್ಕಳು. ಗಿರಿಜಕ್ಕ ಪರದೆಯನ್ನು ಕೊನೆಯ ಅಕ್ಷರದವರೆಗೂ ಓದಿ, ಬ್ಯಾಗು ತೆಗೆದುಕೊಂಡು ಹೊರಟುಹೋದಳು. ಮತ್ತೆ ಕೆಲಸಕ್ಕೆ ಬರಲಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಭದ್ರಾವತಿಯ ಅವಳ ಸಾಲುಮನೆಯಲ್ಲಿ, ಕ್ಷಮೆ ಕೇಳಲು ಹೋದಾಗ.

“ಬನ್ನಿ ಸಾರ್” ಎಂದಳು. ಅಷ್ಟು ದಿನ ನನ್ನನ್ನು ಏಕವಚನ ಬಿಟ್ಟು ಕರೆದವಳಲ್ಲ. ನನಗೆ ಕೆನ್ನೆಗೆ ಹೊಡೆದಂತಾಯಿತು.

“ತಪ್ಪಾಯ್ತು ಅಕ್ಕ.”

“ಅದನ್ನ ಅಳಿಸಿದ್ರಾ?”

“ಅಳಿಸಕ್ಕೆ ಬರಲ್ಲ ಅಕ್ಕ. ತಿದ್ದಿ ಹೊಸದು ಹಾಕ್ಬಹುದು. ಹಳೇದೂ ಅಲ್ಲೇ ಇರುತ್ತೆ.”

“ಹಂಗಾದ್ರೆ ಹೊಸದು ಹಾಕಿ.” ಒಳಗೆ ಹೋಗಿ ಡಬ್ಬಿ ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ಕಂಠಮಟ್ಟ ಅಕ್ಕಿ. ಪಕ್ಕದಲ್ಲಿ ಅಡಿಪಟ್ಟಿ ಇಟ್ಟಳು. “ಅಳೀರಿ ಸಾರ್.”

ಬೇಡ ಅನ್ನಬೇಕಿತ್ತು. ತುಂಬಿದೆ ಅಕ್ಕ, ನೋಡಿದರೇ ಗೊತ್ತಾಗುತ್ತದೆ ಎಂದು ಎದ್ದು ಬರಬೇಕಿತ್ತು. ಅವಳೂ ಅದನ್ನೇ ನಂಬಿಕೊಂಡಿದ್ದಳೋ ಏನೋ. ನನ್ನ ಹಾಳು ಕೈ ಅವಳು ಕಲಿಸಿದಂತೆಯೇ ಪಟ್ಟಿಯನ್ನು ನೆಟ್ಟಗೆ ಹಿಡಿದು ಇಳಿಸಿತು.

ಟಣ್ ಎಂದಿತು.

ಗಿರಿಜಕ್ಕ ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಡಬ್ಬಿಯ ಮುಚ್ಚಳ ಹಾಕಿದಳು.

“ಎರಡಿಂಚು” ಎಂದಳು. “ಬರ್ಕೊಳ್ಳಿ ಸಾರ್.”