ಕುಂಕುಮ ಹಚ್ಚಿ ಬರೆದುಕೊಂಡ ವಯಸ್ಸು

ನೆನೆದರೆ ಈಗಲೂ ಮೈ ಉರಿಯುತ್ತದೆ. ತೊಂಬತ್ತರ ದಶಕದ ಮಾತು. ನಿಪ್ಪಾಣಿಯ ಒಂದು ಸೀರೆ ಅಂಗಡಿಯವರು ಸಂಕ್ರಾಂತಿಗೆ ಹೆಂಗಸರನ್ನು ಅರಿಷಿಣ-ಕುಂಕುಮಕ್ಕೆ ಕರೆದರು. ಅವ್ವನಿಗೆ ಕುಂಕುಮ ಹಚ್ಚಿ, ಉಡಿಗೆ ರವಿಕೆಯ ಜಂಪರ್ ಪೀಸ್ ಹಾಕಿ, ಮನೆಯ ಹೆಣ್ಣುಮಕ್ಕಳ ವಯಸ್ಸು ಕೇಳಿ ಬರೆದುಕೊಂಡರು. ಉಡಿ ತುಂಬಿದವರ ಮುಂದೆ ಮುಚ್ಚಿಡುವುದುಂಟೇ ಎಂದು ಅವ್ವ ಎಲ್ಲ ಹೇಳಿದಳು. ತಿಂಗಳೊಳಗೆ ಪಾತ್ರೆ ಅಂಗಡಿಯವ, ಮದುವೆ ಬ್ಯಾಂಡಿನವ, ವರ ತೋರಿಸುವ ದಲ್ಲಾಳಿ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಎಲ್ಲರಿಗೂ ನನ್ನ ತಂಗಿಯ ವಯಸ್ಸು ಗೊತ್ತಿತ್ತು. ಅವಳಿನ್ನೂ ಹತ್ತನೇ ಇಯತ್ತೆ ಓದುತ್ತಿದ್ದಳು.

ನಾನು ಅಂಗಡಿಗೇ ಹೋಗಿ, "ನಮ್ಮ ಮನಿ ಹುಡುಗಿ ಸುದ್ದಿ ಊರಿಗೆಲ್ಲಾ ಹಂಚಾಕ ನೀವ್ಯಾರ್ರಿ? ವಯಸ್ಸು ಬರಕೊಂಡ ಆ ಹಾಳಿ ಹರದ ಕೊಡ್ರಿ" ಎಂದೆ.

ಮಾಲೀಕ ನಗುತ್ತಲೇ ಹರಿದು ಕೈಗಿಟ್ಟ. "ತಗೋರಿ. ಇದರ ನಕಲು ಚಿಕ್ಕೋಡಿ, ಅಥಣಿ ಅಂಗಡಿಗೆಲ್ಲಾ ಹೋಗ್ಯಾವ್ರಿ."