ಎಲ್ಲ ಚೀಟಿಗೂ ಒಂದೇ ಸಾಲು

ನನ್ನ ಕೈಬರಹ ಚೆನ್ನಾಗಿರುವುದೇ ನನಗೆ ಶಾಪ. ಯುದ್ಧದ ಕಾಲದಲ್ಲಿ ನಾನು ಕೋಲಾರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಚಿನ್ನದ ಗಣಿಯ ಒಬ್ಬ ದೊರೆ ತನ್ನ ಬಂಗಲೆಯ ಹಜಾರವನ್ನೇ ಮ್ಯೂಸಿಯಂ ಮಾಡಿಕೊಂಡಿದ್ದ. ಹಿಂದೆ ಮೆಕ್ಸಿಕೋದ ಬೆಳ್ಳಿ ಗಣಿಯಲ್ಲಿದ್ದಾಗ ಕೂಡಿಹಾಕಿದ ಮಣ್ಣಿನ ಗೊಂಬೆಗಳು, ಮರದ ಮುಖವಾಡಗಳು, ತಗಡಿನ ಮೇಲೆ ಬರೆದ ದೇವರ ಚಿತ್ರಗಳು ಅಲ್ಲಿದ್ದವು. ಅವಕ್ಕೆ ಇಂಗ್ಲಿಷಿನಲ್ಲಿ ಚೀಟಿ ಬರೆಯಲು ಶನಿವಾರ ಮಧ್ಯಾಹ್ನ ಹೋಗುತ್ತಿದ್ದೆ. ಮಾಡಿದವರು ಯಾರೆಂದು ಕೇಳಿದರೆ ದೊರೆ, "ಯಾರೋ ಅಲ್ಲಿಯ ಜನ" ಎನ್ನುತ್ತಿದ್ದ. ನಾನು 'ಮಾಡಿದವರು ಗೊತ್ತಿಲ್ಲ' ಎಂದು ಅಂದವಾಗಿ ಬರೆಯುತ್ತಿದ್ದೆ.

ಆಮೇಲೆ ದೊರೆಗೆ ಇಲ್ಲಿಯದೂ ಒಂದು ಬೇಕೆನಿಸಿತು. ಮುಳಬಾಗಿಲು ಕಡೆಯ ತೊಗಲುಗೊಂಬೆ ಆಡಿಸುವವನೊಬ್ಬನನ್ನು ನಾನೇ ಹುಡುಕಿದೆ. ಅವನ ಬಳಿ ಅವನಪ್ಪ ಕೊರೆದ ರಾವಣನಿದ್ದ. ತೋಳು ಹರಿದು ಆಟಕ್ಕೆ ಬಾರದಂತಾಗಿದ್ದ. ಅಂಥ ಗೊಂಬೆಯನ್ನು ಅವರು ಮಾರುವುದಿಲ್ಲ, ಪೂಜೆ ಮಾಡಿ ಕೆರೆಗೆ ಬಿಡುತ್ತಾರೆ. "ಕೆಳಗೆ ನಿಮ್ಮಪ್ಪನ ಹೆಸರು ಬರೀತೀನಪ್ಪ, ನೂರು ವರ್ಷ ಇರುತ್ತೆ" ಎಂದು ಮಾತು ಕೊಟ್ಟೆ. ಅದಕ್ಕೇ ಅವನು ಒಪ್ಪಿದ.

ಬರೆಯುವ ದಿನ ದೊರೆ, ಚೀಟಿಗಳೆಲ್ಲ ಒಂದೇ ಥರ ಇರಲಿ ಎಂದ. ಹೆಸರಿನ ಮಾತೆತ್ತಲು ಬಾಯಿ ತೆರೆದೆ. ಅವನಿಗೆ ಸಿಟ್ಟು ಬಂದರೆ, ಹೆಡ್‌ಮಾಸ್ಟರಿಗೆ ದೂರು ಹೋದರೆ, ನನ್ನನ್ನು ಶ್ರೀನಿವಾಸಪುರದಾಚೆ ಎಲ್ಲಿಗೋ ವರ್ಗ ಮಾಡಿದರೆ, ಅಲ್ಲಿಯ ನೀರು ನನಗೆ ಒಗ್ಗದಿದ್ದರೆ? ಇಷ್ಟು ದೂರ ಯೋಚಿಸಿ ಬಾಯಿ ಮುಚ್ಚಿದೆ. ಗೊಂಬೆಯವನಿಗೆ ಓದಲು ಬಾರದೆಂಬ ಧೈರ್ಯವೂ ಇತ್ತು.

ತಿಂಗಳಾದ ಮೇಲೆ, ದೊರೆ ಗಣಿಗೆ ಹೋಗಿದ್ದ ಒಂದು ಶನಿವಾರ, ಅವನು ನೋಡಲು ಬಂದ. ರಾವಣನ ಕೆಳಗಿನ ಚೀಟಿಯನ್ನು ಬೆರಳಿನಿಂದ ಸವರಿದ.

"ಇದೇನಾ ನಮ್ಮಪ್ಪನ ಹೆಸರು?"

"ಹೂಂ" ಎಂದೆ.

ಅವನು ಪಕ್ಕದ ಮುಖವಾಡದ ಚೀಟಿ ನೋಡಿದ, ಆಮೇಲೆ ಮಣ್ಣಿನ ಗೊಂಬೆಯದು. ಜೀವಮಾನವೆಲ್ಲ ತೊಗಲಿನಲ್ಲಿ ಗೆರೆ ಕೊರೆದ ಕಣ್ಣು ಅದು.

"ಇವೆಲ್ಲಾ ಯಾವೂರವು?"

"ಮೆಕ್ಸಿಕೋ. ಸಮುದ್ರದಾಚೆ."

"ಏಮಯ್ಯಾ ಮೇಷ್ಟ್ರೇ, ಈ ಕೊನೇ ಸಾಲು ಇಲ್ಲೂ ಐತೆ, ಅಲ್ಲೂ ಐತೆ. ನಮ್ಮಪ್ಪ ಸಮುದ್ರ ದಾಟಿ ಇವನ್ನೂ ಮಾಡಿ ಬಂದಿದ್ನಾ?"

"ಮೆಲ್ಲಗೆ ಮಾತಾಡಪ್ಪ, ದೊರೆಸಾನಿ ಮಲಗಿದ್ದಾರೆ."

"ಮಲಗ್ಲಿ ಬಿಡು. ಏನು ಬರ್ದಿದ್ದೀಯ, ಓದು."

ಓದಿ ಹೇಳಿದೆ.

"ಗೊತ್ತಿಲ್ವಾ? ನಮ್ಮನೇಲಿ ಮಜ್ಜಿಗೆ ಕುಡಿದು, ಎರಡೆರಡು ಸಲ ಕೇಳಿ ಬರ್ಕೊಂಡ್ಯಲ್ಲೋ! ಥೂ, ನಿನ್ನ ಅಕ್ಷರಕ್ಕಿಷ್ಟು!" ಮುಖವಾಡದ ಕಡೆ ಕೈ ತೋರಿಸಿದ. "ಇದನ್ನ ಮಾಡಿದೋನ ಮಕ್ಕಳು ಅಷ್ಟು ದೂರದಿಂದ ಬರಕ್ಕಾಗಲ್ಲ, ನೀನು ಬದುಕ್ಕೊಂಡೆ. ನಾನು ಮುಳಬಾಗಲಿಂದ ಬಂದಿದೀನಿ."

ಮೊಳೆಯಿಂದ ರಾವಣನನ್ನು ಬಿಡಿಸಿ ಟವಲಿನಲ್ಲಿ ಸುತ್ತಿದ. ಜವಾನ ಅಡ್ಡ ಬಂದ. "ಬಿಡೋ, ಹೋಗ್ಲಿ" ಎಂದೆ. ಅದು ದೊಡ್ಡತನವಲ್ಲ. ಅವನು ಇನ್ನಷ್ಟು ಕೂಗಿದರೆ ದೊರೆಸಾನಿ ಎದ್ದು ಬರುತ್ತಾಳೆಂಬ ಭಯ.

ಗೇಟಿನ ಹತ್ತಿರ ಅವನು ತಿರುಗಿ ನಿಂತ. "ನಾಳೆ ದೇವರಾಯಸಮುದ್ರದ ಕೆರೇಲಿ ಬಿಡ್ತೀನಿ. ಬಿಡೋವಾಗ ಮಾಡಿದೋನ ಹೆಸರು ಕೂಗ್ತೀವಿ. ಕಿವಿ ಇದ್ರೆ ಬಂದು ಕೇಳಿಸ್ಕೊ."

ನಾನು ಹೋಗಲಿಲ್ಲ. ತಲೆನೋವೆಂದು ಹೆಂಡತಿಗೆ ಹೇಳಿ ಮಲಗಿದೆ. ಮುಂದಿನ ಶನಿವಾರ ದೊರೆಗೆ, ಗೊಂಬೆಯನ್ನು ಹುಳ ತಿಂದಿತು ಎಂದೆ. ಅವನು ನಂಬಿದ. ಆ ಮೊಳೆಗೆ ಪೆಟ್ಟಿಗೆಯಿಂದ ಇನ್ನೊಂದು ಮುಖವಾಡ ತೆಗೆದು ತೂಗುಹಾಕಿ, ಚೀಟಿ ಬರೆ ಎಂದ. ಬರೆದೆ.