ಅಮ್ಮನ ಸೆಖೆ

ಮೊನ್ನೆ ಅಟ್ಟದಿಂದ ಅಮ್ಮನ ಚೀಲ ಇಳಿಸುವಾಗ ಅದರ ಹಿಂದಿನಿಂದ ಬೆಳ್ಳಿ ಬಣ್ಣದ ಹಾಳೆಯ ಸುರುಳಿಯೊಂದು ಉರುಳಿ ನನ್ನ ತಲೆಯ ಮೇಲೆಯೇ ಬಿತ್ತು. ಹಗುರದ್ದು, ನೋವೇನೂ ಆಗಲಿಲ್ಲ. ಆದರೆ ಅದರ ಹಳೇ ಗಮ್ಮಿನ ವಾಸನೆ ಮೂಗಿಗೆ ಹತ್ತಿದ್ದೇ ತಡ, ಚೀಲವನ್ನು ಅಲ್ಲೇ ಬಿಟ್ಟು ತಾರಸಿಗೆ ಹತ್ತಿದೆ, ಇಳಿದೆ, ಪುನಃ ಹತ್ತಿದೆ. ಕೂತಲ್ಲಿ ಕೂರುವ ಯೋಗ ನನ್ನ ಜಾತಕದಲ್ಲೇ ಇಲ್ಲ ಮಾರಾಯ್ರೆ.

ಗಲ್ಫಿನಲ್ಲಿ ನನ್ನ ಕೆಲಸ ದೊಡ್ಡ ಕಟ್ಟಡಗಳ ಏಸಿ ಕೊಳವೆಗೆ ತಂಪು ಸೋರದ ಹಾಗೆ ಹೊದಿಕೆ ಸುತ್ತುವುದು. ಯಾರ್ಯಾರದೋ ತಂಪು ಕಾದು ಕಾದು ಸಾಕಾಗಿ ಬಂಟ್ವಾಳಕ್ಕೆ ವಾಪಸು ಬಂದದ್ದು ಒಂದೇ ಆಸೆಯಿಂದ, ಇನ್ನಾದರೂ ಅಮ್ಮನ ಜೊತೆ ಇರಬೇಕು ಅಂತ. ಆದರೆ ಮಾರ್ಚ್ ಬಂತೋ, "ಈ ತಾರಸಿ ಮನೆಯ ಸೆಖೆ ನನಗೆ ಆಗುದಿಲ್ಲ ಮಗಾ" ಅಂತ ಅಮ್ಮ ಚೀಲ ಹಿಡಿದು ಮೂಡಬಿದಿರೆಗೆ, ನನ್ನ ತಂಗಿಯ ಗಂಡನ ಹಂಚಿನ ಮನೆಗೆ ಹೊರಟೇಬಿಡುತ್ತಿದ್ದರು. ಮಳೆ ಹಿಡಿದ ಮೇಲೆಯೇ ವಾಪಸು. ಏಸಿ ಹಾಕಿಸುವ ಅಂದರೆ ಅದರ ಗಾಳಿಗೆ ಅವರಿಗೆ ಗಂಟುನೋವು. ನನಗೆ ಹೊಟ್ಟೆ ಉರಿಯುತ್ತಿತ್ತು. ಊರಿಗೆಲ್ಲ ತಂಪು ಮಾಡಿ ಬಂದವನಿಗೆ ಅಮ್ಮನ ಒಂದು ಕೋಣೆ ತಂಪು ಮಾಡಲಿಕ್ಕೆ ಆಗುವುದಿಲ್ಲವಾ?

ಸುರುವಾಯಿತು ತಿರುಗಾಟ. ಬಿ.ಸಿ. ರೋಡಿನ ಅಂಗಡಿಯವರು ತಾರಸಿಗೆ ಬಿಳಿ ಪೈಂಟ್ ಹೊಡೆಯಿರಿ ಅಂದರು. ನಮ್ಮ ಮಳೆಗೆ ಅದು ಪಾಚಿ ಹಿಡಿದು ಹಸುರಾಗುವುದನ್ನು ನೆನೆದು ಬಿಟ್ಟೆ. ಬೆಳ್ತಂಗಡಿಯ ಗೆಳೆಯ ಥರ್ಮೋಕೋಲ್ ಅಂದ. ಅದರಲ್ಲಿ ಇಲಿ ಸಂಸಾರ ಹೂಡುತ್ತದೆ. ಪಕ್ಕದ ಮನೆಯವರು ತೆಂಗಿನ ಗರಿಯ ಮಡಲು ಹಾಸಿದರೆ ಸಾಕು ಅಂದರು. ಗಲ್ಫಿನಿಂದ ಬಂದವನು ಮಡಲು ಹಾಸುವುದಾ? ಛೆ! ಕೊನೆಗೆ ತಾರಸಿಯ ಮೇಲೆ ತಗಡಿನ ಶೀಟು ಹಾಕಿಸಿ, ಅದರ ಅಡಿಗೆ ಬಿಸಿಲ ಕಾವು ತಡೆಯುವ ಈ ಬೆಳ್ಳಿ ಹಾಳೆಯನ್ನು ನಾನೇ ಅಂಟಿಸಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಕೊಳವೆ ಸುತ್ತಿ ಅಭ್ಯಾಸವಾದ ಕೈ, ಶೀಟಿನಡಿ ಗಾಳಿಯಾಡುವ ಜಾಗವನ್ನು ಸುತ್ತಲೂ ಮುಚ್ಚಿತು. ಅಮ್ಮನ ಕೋಣೆಯ ವೆಂಟಿಲೇಟರನ್ನೂ ಬಿಡಲಿಲ್ಲ.

ಸಂಜೆ ಅಮ್ಮ ಸೆರಗಿನಿಂದ ಕುತ್ತಿಗೆ ಒರೆಸುತ್ತ ಹೊರಗೆ ಬಂದರು. "ಗಂಜಿ ಪಾತ್ರೆಗೆ ಬಟ್ಟೆ ಸುತ್ತುದು ಬಿಸಿ ಆರಬಾರದು ಅಂತ. ನನ್ನನ್ನು ಯಾಕೆ ಸುತ್ತಿದ್ದಿ ಮಗಾ?"

ಮರುದಿನವೇ ಮೂಡಬಿದಿರೆ ಬಸ್ಸು.

ಮುಚ್ಚಿದ್ದನ್ನೆಲ್ಲ ಕಿತ್ತೆ. ಶೀಟಿನಡಿ ಗಾಳಿ ಈ ಕಡೆಯಿಂದ ಆ ಕಡೆಗೆ ಆಡಲಿಕ್ಕೆ ಸುರುವಾಯಿತು. ಮಡಲನ್ನೂ ಹಾಸಿದೆ, ಯಾರಿಗೂ ಹೇಳಬೇಡಿ. ಮುಂದಿನ ಮಾರ್ಚಿನಲ್ಲಿ ಕೋಣೆ ನಡುಮಧ್ಯಾಹ್ನವೂ ತಣ್ಣಗೆ. ಅಮ್ಮ ಚೀಲ ಕೇಳಲಿಲ್ಲ. ಗೆದ್ದೆ ಅಂದುಕೊಂಡೆ. ಆದರೆ ಅವರ ಮಾತೂ ಕಮ್ಮಿಯಾಯಿತು. ಆಗಾಗ ಎದ್ದು ಗೋಡೆ ಮುಟ್ಟಿ ನೋಡುವುದು.

"ಏನಮ್ಮಾ, ಇನ್ನೂ ಸೆಖೆಯಾ?" ಅಂತ ಒಂದು ದಿನ ರೇಗಿಯೇಬಿಟ್ಟೆ.

"ಸೆಖೆ ಇಲ್ಲ ಮಗಾ, ಅದೇ ಬೇಜಾರು," ಅಂದರು. "ಮಗ ಊರಲ್ಲಿರುವಾಗ ತಾಯಿ ಸುಮ್ಮನೆ ಮಗಳ ಮನೆಯಲ್ಲಿ ಕೂತರೆ, ಮಗ ನೋಡುದಿಲ್ಲ ಅಂತ ಜನ ನಿನಗೇ ಬಯ್ತಾರೆ. ಸೆಖೆ ಅಂತ ಒಂದು ನೆಪ ಇತ್ತು. ಅವಳ ಒಟ್ಟಿಗೆ ನಾಲ್ಕು ದಿನ ಇರ್ಲಿಕ್ಕೆ ನನಗೆ ಅದೊಂದೇ ದಾರಿ. ಅದನ್ನೂ ನೀನು ಮುಚ್ಚಿದಿ."

ನನಗೆ ಸಿಟ್ಟು ಬಂತು, ಅಳುವೂ ಬಂತು. ನನ್ನ ಒಟ್ಟಿಗೆ ಇರಲಿ ಅಂತಲ್ಲವಾ ನಾನು ಇಷ್ಟೆಲ್ಲ ಮಾಡಿದ್ದು? ತಾರಸಿಗೆ ಹತ್ತಿ ಇಳಿದೆ.

ಮೊನ್ನೆಯೂ ಹಾಗೇ ಹತ್ತಿ ಇಳಿದು, ಚೀಲದ ಧೂಳು ಒರೆಸಿ, ಅಮ್ಮನ ಕೋಣೆಯ ತಣ್ಣಗಿನ ನೆಲದ ಮೇಲೆ ಕೂತೆ. ಕೂತಲ್ಲಿಂದಲೇ ತಂಗಿಗೆ ಫೋನ್ ಮಾಡಿ, ಅವಳ ಅತ್ತೆಗೂ ಕೇಳಲಿ ಅಂತ ಗಟ್ಟಿಯಾಗಿ ಹೇಳಿದೆ: "ಇಲ್ಲಿ ಸೆಖೆ ಮಾರಾಯ್ತಿ! ನಾಳೆ ಅಮ್ಮನನ್ನು ಕರ್ಕೊಂಡು ಬರ್ತೇನೆ."

ಮಂಚದ ಮೇಲೆ ಕುತ್ತಿಗೆವರೆಗೆ ಹೊದಿಕೆ ಎಳೆದು ಮಲಗಿದ್ದ ಅಮ್ಮ ಕಣ್ಣು ಬಿಡದೆಯೇ ಅಂದರು, "ಭಾರೀ ಸೆಖೆ ಅಂತ ಹೇಳು."